ರಿಸ್ಕ್ ಅಳೆಯುವ ಹತ್ತು ಸಾಲುಗಳು

ಒಬ್ಬ ವ್ಯಕ್ತಿ ರಿಸ್ಕ್ ತೆಗೆದುಕೊಳ್ಳಲು ಎಷ್ಟು ಸಿದ್ಧ ಎಂಬುದನ್ನು ಸಂಖ್ಯೆಯಲ್ಲಿ ಹೇಳಬೇಕಾದಾಗ ಪ್ರಾಯೋಗಿಕ ಅರ್ಥಶಾಸ್ತ್ರಜ್ಞರು ಹೆಚ್ಚಾಗಿ ಮೊರೆಹೋಗುವುದು ಹತ್ತು ಸಾಲಿನ ಒಂದು ಪಟ್ಟಿಗೆ. ಚಾರ್ಲ್ಸ್ ಹೋಲ್ಟ್ ಮತ್ತು ಸೂಸನ್ ಲಾರಿ 2002ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಪಟ್ಟಿ ಅದು. ಪ್ರತಿ ಸಾಲಿನಲ್ಲೂ ಎರಡು ಲಾಟರಿಗಳಿವೆ. ‘ಎ’ ಲಾಟರಿಯಲ್ಲಿ 2 ಡಾಲರ್ ಅಥವಾ 1.60 ಡಾಲರ್ ಸಿಗುತ್ತದೆ. ‘ಬಿ’ಯಲ್ಲಿ 3.85 ಡಾಲರ್ ಅಥವಾ ಬರೀ 10 ಸೆಂಟ್. ಈ ಮೊತ್ತಗಳು ಹತ್ತೂ ಸಾಲುಗಳಲ್ಲಿ ಹೀಗೆಯೇ ಇರುತ್ತವೆ. ಬದಲಾಗುವುದು ದೊಡ್ಡ ಮೊತ್ತ ಸಿಗುವ ಸಂಭವ ಮಾತ್ರ. ಮೊದಲ ಸಾಲಿನಲ್ಲಿ ಹತ್ತರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು ಪಾಲು, ಹೀಗೆ ಏರುತ್ತಾ ಹತ್ತನೆಯ ಸಾಲಿಗೆ ಬಂದಾಗ ದೊಡ್ಡ ಮೊತ್ತ ಖಚಿತ.

ಈಗ ಲೆಕ್ಕ ಹಾಕಿ ನೋಡೋಣ. ನಾಲ್ಕನೆಯ ಸಾಲಿನಲ್ಲಿ ‘ಎ’ಯ ಸರಾಸರಿ ಮೌಲ್ಯ 0.4 × 2 + 0.6 × 1.60, ಅಂದರೆ 1.76 ಡಾಲರ್. ‘ಬಿ’ಯದ್ದು 0.4 × 3.85 + 0.6 × 0.10, ಅಂದರೆ 1.60. ಸರಾಸರಿಯನ್ನಷ್ಟೇ ನೋಡುವವರು ಇಲ್ಲಿ ‘ಎ’ ಆರಿಸುತ್ತಾರೆ. ಐದನೆಯ ಸಾಲಿನಲ್ಲಿ ‘ಎ’ 1.80ಕ್ಕೆ ಏರಿದರೆ ‘ಬಿ’ 1.975ಕ್ಕೆ ಜಿಗಿಯುತ್ತದೆ. ಆದ್ದರಿಂದ ರಿಸ್ಕ್ ಬಗ್ಗೆ ಒಲವೂ ಇಲ್ಲದ, ಹಿಂಜರಿಕೆಯೂ ಇಲ್ಲದ ವ್ಯಕ್ತಿ ನಾಲ್ಕು ಸಲ ‘ಎ’ ಆರಿಸಿ ಐದನೆಯ ಸಾಲಿನಲ್ಲಿ ‘ಬಿ’ಗೆ ದಾಟಬೇಕು. ಅದಕ್ಕಿಂತ ಮುಂಚೆ ದಾಟಿದವರು ರಿಸ್ಕ್ ಬಯಸುವವರು. ಆರು, ಏಳು, ಎಂಟನೆಯ ಸಾಲಿನವರೆಗೂ ‘ಎ’ಯನ್ನೇ ಹಿಡಿದಿರುವವರು ರಿಸ್ಕ್‌ಗೆ ಹಿಂಜರಿಯುವವರು. ಹತ್ತನೆಯ ಸಾಲು ಇರುವುದು ಬೇರೆಯದೇ ಕಾರಣಕ್ಕೆ. ಅಲ್ಲಿ ಖಚಿತ 2 ಡಾಲರ್ ಒಂದು ಕಡೆ, ಖಚಿತ 3.85 ಇನ್ನೊಂದು ಕಡೆ. ಅಲ್ಲೂ ‘ಎ’ ಎಂದು ಗುರುತು ಹಾಕಿದವರಿಗೆ ಪಟ್ಟಿ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತದೆ.

ಹಣ ಕೊಡುವ ಕ್ರಮದಲ್ಲೇ ಪ್ರಯೋಗದ ಅರ್ಧ ಕೌಶಲವಿದೆ. ಹತ್ತೂ ಸಾಲುಗಳನ್ನು ತುಂಬಿಸಿಕೊಂಡ ಮೇಲೆ ಹತ್ತು ಮುಖದ ದಾಳವನ್ನು ಎರಡು ಸಲ ಉರುಳಿಸುತ್ತಾರೆ. ಮೊದಲ ಸಲ ಬಿದ್ದ ಅಂಕಿ ಯಾವ ಸಾಲಿಗೆ ಹಣ ಎಂಬುದನ್ನು ನಿರ್ಧರಿಸುತ್ತದೆ. ಎರಡನೆಯದು ಆ ಸಾಲಿನಲ್ಲಿ ಆರಿಸಿದ ಲಾಟರಿಯ ಫಲಿತಾಂಶವನ್ನು. ಎಲ್ಲ ಸಾಲುಗಳಿಗೂ ಹಣ ಕೊಟ್ಟರೆ ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಗೆಲುವು ತುಂಬಿಕೊಡುತ್ತದೆ, ರಿಸ್ಕ್ ಹತ್ತು ಕಡೆ ಹಂಚಿಹೋಗುತ್ತದೆ, ಅಳೆಯಬೇಕಾದದ್ದೇ ಕರಗಿಬಿಡುತ್ತದೆ. ಒಂದೇ ಸಾಲಿಗೆ ಹಣ ಎಂದಾಗ ಪ್ರತಿಯೊಂದು ಸಾಲನ್ನೂ ‘ಇದೇ ನಿಜವಾದದ್ದು’ ಎಂಬಂತೆ ಯೋಚಿಸಬೇಕಾಗುತ್ತದೆ. ಆದರೆ ಈ ವಾದ ನಿಲ್ಲುವುದು ಜನ ಪ್ರತಿ ಸಾಲನ್ನೂ ಬಿಡಿಬಿಡಿಯಾಗಿ ನೋಡಿದಾಗ ಮಾತ್ರ. ಇಡೀ ಪಟ್ಟಿಯನ್ನೇ ಒಂದು ದೊಡ್ಡ ಲಾಟರಿ ಎಂದು ಭಾವಿಸುವವರ ವಿಷಯದಲ್ಲಿ ಅದು ಸಡಿಲವಾಗುತ್ತದೆ. ದಾಳ ಎಲ್ಲರ ಕಣ್ಣೆದುರೇ ಉರುಳುವುದು ಒಳ್ಳೆಯದು. ಕಂಪ್ಯೂಟರ್ ಒಳಗೆ ಅಂಕಿ ಹುಟ್ಟಿಸಿದರೆ ‘ಸಂಸ್ಥೆಯವರು ದೊಡ್ಡ ಮೊತ್ತ ಬೀಳದಂತೆ ಮಾಡಿರುತ್ತಾರೆ’ ಎಂಬ ಅನುಮಾನ ಕೆಲವರಲ್ಲಿ ಉಳಿಯುತ್ತದೆ, ಆ ಅನುಮಾನ ಫಲಿತಾಂಶದಲ್ಲಿ ರಿಸ್ಕ್ ಹಿಂಜರಿಕೆಯ ವೇಷ ತೊಟ್ಟು ಬರುತ್ತದೆ.

ನಿಜವಾದ ಹಣವೇ ಯಾಕೆ, ‘ಸಿಕ್ಕರೆ ಏನು ಮಾಡುತ್ತೀರಿ’ ಎಂದು ಕೇಳಿದರೆ ಸಾಲದೇ? ಹೋಲ್ಟ್ ಮತ್ತು ಲಾರಿ ಇದನ್ನೇ ಪರೀಕ್ಷಿಸಿದರು. ಮೊತ್ತಗಳನ್ನು 20, 50, 90 ಪಟ್ಟು ಹೆಚ್ಚಿಸಿದರು. 90 ಪಟ್ಟು ಎಂದರೆ ಒಂದು ಕಡೆ 180 ಅಥವಾ 144 ಡಾಲರ್, ಇನ್ನೊಂದು ಕಡೆ 346.50 ಅಥವಾ 9 ಡಾಲರ್. ನಿಜವಾಗಿ ಹಣ ಕೊಟ್ಟಾಗ ‘ಎ’ ಆಯ್ಕೆಗಳ ಸರಾಸರಿ ಸಣ್ಣ ಮೊತ್ತದಲ್ಲಿ ಐದರ ಆಸುಪಾಸಿನಲ್ಲಿದ್ದದ್ದು 90 ಪಟ್ಟಿನಲ್ಲಿ ಏಳನ್ನು ದಾಟಿತು. ಬರೀ ಕಾಲ್ಪನಿಕವಾಗಿ ಕೇಳಿದಾಗ ಮೊತ್ತ ಎಷ್ಟೇ ಏರಿದರೂ ಸರಾಸರಿ ಐದರ ಸುತ್ತಲೇ ನಿಂತಿತು. ಬಾಯಿಮಾತಿನಲ್ಲಿ ತೋರುವ ಧೈರ್ಯ ದುಡ್ಡು ಕೈಗೆ ಬರುವಂತಾದಾಗ ಉಳಿಯಲಿಲ್ಲ. ಈ ಪ್ರಯೋಗದಲ್ಲಿ ಎಲ್ಲರೂ ಮೊದಲು ಸಣ್ಣ ಮೊತ್ತದ ಪಟ್ಟಿ, ಆಮೇಲೆ ದೊಡ್ಡದು ಎಂಬ ಒಂದೇ ಕ್ರಮದಲ್ಲಿ ಹೋಗಿದ್ದರು. ಹಾಗಾಗಿ ಬದಲಾವಣೆಗೆ ಕಾರಣ ಮೊತ್ತವೋ ಕ್ರಮವೋ ಎಂದು ಗ್ಲೆನ್ ಹ್ಯಾರಿಸನ್ ಮತ್ತು ಸಂಗಡಿಗರು ಪ್ರಶ್ನಿಸಿದರು. 2005ರಲ್ಲಿ ಹೊಸ ಪ್ರಯೋಗ ಪ್ರಕಟಿಸಿದ ಹೋಲ್ಟ್ ಮತ್ತು ಲಾರಿ ಕ್ರಮದ ಪ್ರಭಾವವನ್ನು ಒಪ್ಪಿಕೊಂಡರು, ಅದನ್ನು ಕಳೆದರೂ ದೊಡ್ಡ ಮೊತ್ತದ ಪರಿಣಾಮ ಉಳಿಯುತ್ತದೆ ಎಂದೂ ತೋರಿಸಿದರು. ಒಂದು ಕ್ಷೇತ್ರ ತನ್ನನ್ನು ತಾನು ಹೀಗೆ ತಿದ್ದಿಕೊಳ್ಳುವುದು ಮೆಚ್ಚಬೇಕಾದ ವಿಷಯ.

ನಷ್ಟದ ಪ್ರಯೋಗ ಇನ್ನೂ ಕಷ್ಟ. 1979ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಮಂಡಿಸಿದ ಸಿದ್ಧಾಂತದ ತಿರುಳೇ ಲಾಭಕ್ಕಿಂತ ನಷ್ಟ ಹೆಚ್ಚು ತೂಗುತ್ತದೆ ಎಂಬುದು. 1992ರಲ್ಲಿ ಅವರು ಕೊಟ್ಟ ಅಂದಾಜು 2.25 ಪಟ್ಟು. ಆದರೆ ಪ್ರಯೋಗಕ್ಕೆ ಬಂದವರ ಜೇಬಿನಿಂದ ಹಣ ಕಿತ್ತುಕೊಳ್ಳುವುದಕ್ಕೆ ನೈತಿಕ ಸಮಿತಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದಕ್ಕೇ ಮೊದಲು ಒಂದು ಮೊತ್ತ ಕೊಟ್ಟು ಅದರಿಂದ ಕಳೆಯುತ್ತಾರೆ. ಪುಕ್ಕಟೆ ಬಂದ ಹಣ ಹೋದರೆ ನೋವು ಕಡಿಮೆ, ಜನ ಧಾರಾಳವಾಗಿ ಪಣವಿಡುತ್ತಾರೆ. ಇದಕ್ಕೆ ಎರಡು ಉಪಾಯಗಳಿವೆ: ಆ ಮೊತ್ತವನ್ನು ಒಂದು ಬೇಸರದ ಕೆಲಸ ಮಾಡಿಸಿ ದುಡಿಮೆಯಾಗಿ ಕೊಡುವುದು, ಇಲ್ಲವೇ ಕೆಲವು ದಿನ ಮುಂಚೆಯೇ ಕೊಟ್ಟು ಅದು ‘ನನ್ನದು’ ಎನಿಸುವಷ್ಟು ಕಾಲ ಬಿಡುವುದು.

ನನ್ನ ಪ್ರಕಾರ ಇವೆಲ್ಲಕ್ಕಿಂತ ಗಂಭೀರವಾದ, ಆದರೆ ಕಣ್ಣಿಗೆ ಬೀಳದ ತೊಂದರೆ ಒಂದಿದೆ. ಯೋಚಿಸದೆ, ನಾಣ್ಯ ಚಿಮ್ಮಿದ ಹಾಗೆ ಗುರುತು ಹಾಕುತ್ತಾ ಹೋಗುವ ವ್ಯಕ್ತಿಯನ್ನು ಊಹಿಸಿಕೊಳ್ಳಿ. ಹತ್ತು ಸಾಲುಗಳಲ್ಲಿ ಸರಾಸರಿ ಐದು ಸಲ ಅವನ ಆಯ್ಕೆ ‘ಎ’ ಆಗಿರುತ್ತದೆ. ರಿಸ್ಕ್ ಬಗ್ಗೆ ತಟಸ್ಥನಾದವನ ಸಂಖ್ಯೆ ನಾಲ್ಕು. ಅಂದರೆ ಏನೂ ಯೋಚಿಸದವನು ಈ ಪಟ್ಟಿಯಲ್ಲಿ ಸ್ವಲ್ಪ ಹಿಂಜರಿಯುವವನಂತೆ ಕಾಣುತ್ತಾನೆ! ಲೆಕ್ಕದಲ್ಲಿ ಚುರುಕಿಲ್ಲದವರು ರಿಸ್ಕ್‌ಗೆ ಹೆಚ್ಚು ಹೆದರುತ್ತಾರೆ ಎಂದು ಕೆಲವು ಅಧ್ಯಯನಗಳು ಹೇಳಿದ್ದವು. ಓಲಾ ಆಂಡರ್ಸನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡೆನ್ಮಾರ್ಕ್‌ನ ಜನರಿಗೆ ಎರಡು ಬಗೆಯ ಪಟ್ಟಿ ಕೊಟ್ಟರು. ಒಂದರಲ್ಲಿ ಅಡ್ಡಾದಿಡ್ಡಿ ಉತ್ತರಗಳು ಹಿಂಜರಿಕೆಯ ಕಡೆಗೆ ವಾಲುತ್ತಿದ್ದವು, ಇನ್ನೊಂದರಲ್ಲಿ ಧೈರ್ಯದ ಕಡೆಗೆ. ಬೌದ್ಧಿಕ ಸಾಮರ್ಥ್ಯದ ಜೊತೆಗಿನ ಸಂಬಂಧ ಮೊದಲನೆಯದರಲ್ಲಿ ಒಂದು ದಿಕ್ಕಿಗೆ ಬಂದರೆ ಎರಡನೆಯದರಲ್ಲಿ ತಿರುಗಾಮುರುಗಾ ಆಯಿತು. ಸ್ವಭಾವ ಎಂದುಕೊಂಡದ್ದರಲ್ಲಿ ತಪ್ಪುಗುರುತುಗಳ ಪಾಲು ದೊಡ್ಡದಿತ್ತು.

ಒಮ್ಮೆ ‘ಬಿ’ಗೆ ದಾಟಿ ಮತ್ತೆ ‘ಎ’ಗೆ ಮರಳುವವರು ಎಲ್ಲ ಪ್ರಯೋಗಗಳಲ್ಲೂ ಸಿಗುತ್ತಾರೆ. ಅಂಥವರನ್ನು ಲೆಕ್ಕದಿಂದ ಕೈಬಿಡುವುದು ಸುಲಭ, ಆದರೆ ಹಾಗೆ ಮಾಡಿದರೆ ಉಳಿಯುವುದು ಪಟ್ಟಿ ಓದಲು ಬಲ್ಲವರ ಗುಂಪು ಮಾತ್ರ. ಒಂದೇ ಸಲ ದಾಟುವಂತೆ ಕಂಪ್ಯೂಟರಿನಲ್ಲಿ ಕಟ್ಟುಪಾಡು ಹಾಕಿದರೆ ಗೊಂದಲ ಮಾಯವಾಗುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ಶುರುವಿಗೆ ಮೂರು ನಾಲ್ಕು ಪರೀಕ್ಷಾ ಪ್ರಶ್ನೆ ಕೇಳಿ (‘ಆರನೆಯ ಸಾಲಿನಲ್ಲಿ ಬಿ ಆರಿಸಿದ್ದೀರಿ, ದಾಳದಲ್ಲಿ 7 ಬಿದ್ದರೆ ಎಷ್ಟು ಸಿಗುತ್ತದೆ?’), ತಪ್ಪಿದವರಿಗೆ ಮತ್ತೆ ವಿವರಿಸುವುದೇ ಮೇಲು. ಉತ್ತರ 10 ಸೆಂಟ್: ಆ ಸಾಲಿನಲ್ಲಿ ದೊಡ್ಡ ಮೊತ್ತಕ್ಕೆ ದಾಳ 1ರಿಂದ 6ರೊಳಗೆ ಬೀಳಬೇಕು.

ಪಟ್ಟಿ ಓದಲು ಕಷ್ಟವಾಗುವ ಕಡೆ ಸರಳ ಸಾಧನಗಳಿವೆ. ಹಾನ್ಸ್ ಬಿನ್ಸ್‌ವಾಂಗರ್ 1980ರಲ್ಲಿ ಪ್ರಕಟಿಸಿದ, ಭಾರತದ ಹಳ್ಳಿಗಳ ರೈತರೊಂದಿಗೆ ನಡೆಸಿದ ಪ್ರಯೋಗದಲ್ಲಿ ಬೇಕಾದದ್ದು ನಾಣ್ಯವೊಂದೇ. ಒಂದು ಆಯ್ಕೆಯಲ್ಲಿ ರಾಜ ಬಿದ್ದರೂ ರಾಣಿ ಬಿದ್ದರೂ 50 ರೂಪಾಯಿ. ಇನ್ನೊಂದರಲ್ಲಿ 40 ಅಥವಾ 120. ಮತ್ತೊಂದರಲ್ಲಿ 30 ಅಥವಾ 150. ತೀರಾ ಧೈರ್ಯವಂತರಿಗೆ ಸೊನ್ನೆ ಅಥವಾ 200. ಇವುಗಳಲ್ಲಿ ಒಂದನ್ನು ಆರಿಸಿದರೆ ಮುಗಿಯಿತು. ಪಣ ದೊಡ್ಡದಾದಾಗ ಸಿರಿವಂತರೂ ಬಡವರೂ ಹೆಚ್ಚುಕಡಿಮೆ ಒಂದೇ ಬಗೆಯ ಮಧ್ಯಮ ಹಿಂಜರಿಕೆ ತೋರಿದರು. ಬಡ ರೈತರು ಹೊಸ ಬೆಳೆಗೆ ಕೈಹಾಕದಿರುವುದಕ್ಕೆ ಅವರ ಸ್ವಭಾವವೇ ಕಾರಣ ಎನ್ನುವ ವಾದಕ್ಕೆ ಇದು ಬಲವಾದ ಉತ್ತರ. ಸಾಲ ಸಿಗದಿರುವಂಥ ಅಡ್ಡಿಗಳ ಕಡೆಗೆ ಗಮನ ತಿರುಗಬೇಕಾಯಿತು. ಯೂರಿ ಗ್ನೀಜಿ ಮತ್ತು ಯಾನ್ ಪಾಟರ್ಸ್ 1997ರಲ್ಲಿ ಬಳಸಿದ್ದು ಇನ್ನೂ ಸರಳ: ಕೊಟ್ಟ ಹಣದಲ್ಲಿ ಎಷ್ಟನ್ನು ಹೂಡುತ್ತೀರಿ ಎಂಬ ಒಂದೇ ಪ್ರಶ್ನೆ. ಮೂರರಲ್ಲಿ ಎರಡು ಪಾಲು ಸಂಭವದಲ್ಲಿ ಹೂಡಿದ್ದು ಹೋಗುತ್ತದೆ, ಒಂದು ಪಾಲು ಸಂಭವದಲ್ಲಿ ಅದರ ಎರಡೂವರೆ ಪಟ್ಟು ಲಾಭ. ಸರಾಸರಿ ಲಾಭದ ಕಡೆಗಿರುವುದರಿಂದ ತಟಸ್ಥರೂ ರಿಸ್ಕ್ ಬಯಸುವವರೂ ಪೂರ್ತಿ ಹೂಡುತ್ತಾರೆ. ಅವರಿಬ್ಬರನ್ನು ಬೇರ್ಪಡಿಸಲು ಈ ಸಾಧನಕ್ಕೆ ಆಗದು.

ಒಬ್ಬರನ್ನೇ ಬೇರೆ ಬೇರೆ ಸಾಧನಗಳಿಂದ ಅಳೆದರೆ ಒಂದೇ ಉತ್ತರ ಬರುತ್ತದೆಯೇ? ರೆನಾಟೊ ಫ್ರೈ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,507 ವಯಸ್ಕರನ್ನು 39 ಬಗೆಯ ಅಳತೆಗಳಿಗೆ ಒಳಪಡಿಸಿದರು. ಲಾಟರಿ ಬಗೆಯ ಪ್ರಯೋಗಗಳು ಒಂದಕ್ಕೊಂದು ತೀರಾ ಕಡಿಮೆ ಹೊಂದಿಕೊಂಡವು. ‘ನೀವು ಸಾಮಾನ್ಯವಾಗಿ ರಿಸ್ಕ್ ತೆಗೆದುಕೊಳ್ಳುವವರೇ’ ಎಂದು ನೇರವಾಗಿ ಕೇಳುವಂಥ ಪ್ರಶ್ನೆಗಳು ತಮ್ಮತಮ್ಮಲ್ಲಿ ಹೆಚ್ಚು ಹೊಂದಿದವು, ತಿಂಗಳುಗಳ ನಂತರ ಕೇಳಿದಾಗಲೂ ಹೆಚ್ಚು ಸ್ಥಿರವಾಗಿದ್ದವು. ನಿಜವಾದ ಹಣದ ಪ್ರಯೋಗವೇ ಶ್ರೇಷ್ಠ ಎಂದು ನಂಬಿದ್ದ ಅರ್ಥಶಾಸ್ತ್ರಜ್ಞರಿಗೆ ಇದು ದೊಡ್ಡ ಪೆಟ್ಟು. ಆದರೆ ಆ ಕಡಿಮೆ ಹೊಂದಾಣಿಕೆಯಲ್ಲಿ ಅಳತೆಯ ದೋಷದ್ದೂ ಒಂದು ಪಾಲಿದೆ. ಬೆನ್ ಗಿಲೆನ್, ಎರಿಕ್ ಸ್ನೋಬರ್ಗ್ ಮತ್ತು ಲೀಟ್ ಯಾರಿವ್ 2019ರಲ್ಲಿ ಸೂಚಿಸಿದ ಪರಿಹಾರ ಹೀಗಿದೆ: ಅದೇ ವಿಷಯವನ್ನು ಮೊತ್ತ ಸ್ವಲ್ಪ ಬದಲಿಸಿ ಎರಡು ಸಲ ಕೇಳಿ. ಎರಡು ಉತ್ತರಗಳ ದೋಷಗಳು ಒಂದನ್ನೊಂದು ಅವಲಂಬಿಸದಿದ್ದರೆ ಒಂದನ್ನು ಬಳಸಿ ಇನ್ನೊಂದನ್ನು ತಿದ್ದಬಹುದು. ಹಾಗೆ ತಿದ್ದಿದಾಗ ದುರ್ಬಲವಾಗಿ ಕಂಡ ಎಷ್ಟೋ ಸಂಬಂಧಗಳು ಗಟ್ಟಿಯಾದವು.

ಇತ್ತೀಚಿನ ಚರ್ಚೆ ಇನ್ನೂ ಆಳಕ್ಕೆ ಹೋಗಿದೆ. ರಯಾನ್ ಓಪ್ರಿಯಾ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೂರು ಪೆಟ್ಟಿಗೆಗಳಿವೆ, ಹತ್ತರಲ್ಲಿ 25 ಡಾಲರ್, ಉಳಿದವು ಖಾಲಿ. ಲಾಟರಿಯಲ್ಲಿ ಯಾವುದೋ ಒಂದು ಪೆಟ್ಟಿಗೆ ತೆರೆದು ಅದರಲ್ಲಿರುವುದನ್ನು ಕೊಡುತ್ತಾರೆ. ಅದರ ಜೋಡಿ ಪ್ರಯೋಗದಲ್ಲಿ ಎಲ್ಲ ಪೆಟ್ಟಿಗೆಗಳನ್ನೂ ತೆರೆದು, ಒಟ್ಟು ಹಣವನ್ನು ನೂರರಿಂದ ಭಾಗಿಸಿ ಕೊಡುತ್ತಾರೆ, ಖಚಿತವಾಗಿ 2.50 ಡಾಲರ್, ರಿಸ್ಕ್ ಲವಲೇಶವೂ ಇಲ್ಲ. ಆದರೂ ಜನ ಅದಕ್ಕೆ 2.50ಕ್ಕಿಂತ ಹೆಚ್ಚು ಬೆಲೆ ಕಟ್ಟಿದರು, 90 ಪೆಟ್ಟಿಗೆ ತುಂಬಿದ್ದಾಗ 22.50ಕ್ಕಿಂತ ಕಡಿಮೆ ಕಟ್ಟಿದರು. ಸಣ್ಣ ಸಂಭವಕ್ಕೆ ಅತಿ ತೂಕ, ದೊಡ್ಡ ಸಂಭವಕ್ಕೆ ಕಡಿಮೆ ತೂಕ ಎಂದು ಲಾಟರಿಗಳಲ್ಲಿ ಕಾಣುವ ವಕ್ರರೇಖೆಯೇ ಇಲ್ಲೂ ಮೂಡಿತು. ರಿಸ್ಕ್ ಇಲ್ಲದ ಕಡೆಯೂ ಅದು ಮೂಡಿದರೆ, ಅದಕ್ಕೆ ಕಾರಣ ರಿಸ್ಕ್ ಬಗೆಗಿನ ಸ್ವಭಾವವಲ್ಲ, ಲೆಕ್ಕದ ತೊಡಕು ಇರಬಹುದು. ಭಾಗವಹಿಸಿದವರಿಗೆ ಸೂಚನೆ ಸರಿಯಾಗಿ ಅರ್ಥವಾಗಿತ್ತೇ ಎಂದು ಪ್ರಶ್ನಿಸುವವರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಆದರೆ ಜೋಡಿ ಪ್ರಯೋಗವನ್ನು ಸೇರಿಸಲು ಹೆಚ್ಚಿನ ಸಲಕರಣೆಯೇನೂ ಬೇಕಿಲ್ಲ: ಅವೇ ಪೆಟ್ಟಿಗೆಗಳು, ಅವೇ ಮೊತ್ತಗಳು, ಹಣ ಕೊಡುವ ನಿಯಮವಷ್ಟೇ ಬೇರೆ. ಎರಡರಲ್ಲೂ ಒಬ್ಬರು ಕಟ್ಟಿದ ಬೆಲೆಯ ನಡುವಿನ ವ್ಯತ್ಯಾಸವನ್ನು ಪ್ರತ್ಯೇಕವಾಗಿ ವರದಿ ಮಾಡಿದರೆ, ಲೆಕ್ಕದ ತೊಡಕು ಎಷ್ಟು, ರಿಸ್ಕ್ ಹಿಂಜರಿಕೆ ಎಷ್ಟು ಎಂದು ಓದುಗರೇ ನೋಡಬಹುದು.