ಗೋವರ್, ಸ್ತರೊಝಿಲ್: ‘ಸೈಬೀರಿಯಾದ ಉಪಭಾಷೆ’ ಎಂದು ಬರೆಯುವ ಮುನ್ನ

ರಷ್ಯಾ ಕುರಿತು ಕನ್ನಡದಲ್ಲಿ ಬರುವ ಲೇಖನಗಳಲ್ಲಿ ‘ಸೈಬೀರಿಯಾದ ಉಪಭಾಷೆ’ ಎಂಬ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಈಚೆಗೆ ಓದಿದ ಪ್ರವಾಸಕಥನವೊಂದರಲ್ಲಿ ಅದಕ್ಕೆ ಕಾರಣವನ್ನೂ ಕೊಟ್ಟಿದ್ದರು: ದೇಶ ವಿಶಾಲವಾದದ್ದು, ಆದ್ದರಿಂದ ಪೂರ್ವಕ್ಕೆ ಹೋದಂತೆಲ್ಲ ರಷ್ಯನ್ ಭಾಷೆ ಬದಲಾಗುತ್ತ ಹೋಗುತ್ತದೆಯಂತೆ. ಹಾಗೇನೂ ಆಗುವುದಿಲ್ಲ. ಮಾಸ್ಕೋದ ಉತ್ತರಕ್ಕಿರುವ ವೊಲೊಗ್ದಾ ಸೀಮೆಯ ಹಳ್ಳಿಯ ಮಾತಿಗೂ ದಕ್ಷಿಣಕ್ಕಿರುವ ಕುರ್ಸ್ಕ್ ಸೀಮೆಯ ಹಳ್ಳಿಯ ಮಾತಿಗೂ ಇರುವ ಅಂತರ ದೊಡ್ಡದು. ಅದೇ ವೊಲೊಗ್ದಾದ ಮಾತಿಗೂ ಸಾವಿರಾರು ಕಿಲೋಮೀಟರ್ ಆಚೆ ಯೆನಿಸೇಯ್ ನದಿಯ ದಂಡೆಯಲ್ಲಿರುವ ಹಳೆಯ ಹಳ್ಳಿಯ ಮಾತಿಗೂ ಇರುವ ಅಂತರ ಅದಕ್ಕಿಂತ ಚಿಕ್ಕದು. ಇಲ್ಲಿ ಲೆಕ್ಕಕ್ಕೆ ಬರುವುದು ದೂರವಲ್ಲ, ಯಾರು ಎಲ್ಲಿಂದ ಯಾವಾಗ ಹೊರಟು ಬಂದರು ಎಂಬುದು. ರಷ್ಯನ್ನರು ಇದನ್ನು ಹೇಳಲು ಬಳಸುವ ಪದಗಳನ್ನು ಸರಿಯಾಗಿ ತಿಳಿದುಕೊಂಡರೆ ಗೊಂದಲದ ಬಹುಭಾಗ ತಾನಾಗಿಯೇ ಕರಗುತ್ತದೆ.

ನಾವು ‘ಉಪಭಾಷೆ’ ಎಂಬ ಒಂದೇ ಪದದಲ್ಲಿ ಮುಗಿಸುವುದನ್ನು ಅವರು ಎರಡು ಹಂತಗಳಲ್ಲಿ ಹೇಳುತ್ತಾರೆ. ಒಂದು ಹಳ್ಳಿಯ ಅಥವಾ ಒಂದು ಹಳ್ಳಿಗುಂಪಿನ ಮಾತು ‘ಗೋವರ್’. ಇದು ಮಾತನಾಡು ಎಂಬ ಅರ್ಥದ ‘ಗವರೀತ್’ ಧಾತುವಿನ ನಂಟಿನದು. ಜನರ ಗುಜುಗುಜು ಸದ್ದಿಗೂ ಇದೇ ಹೆಸರಿದೆ. ಇಂಥ ನೂರಾರು ಗೋವರ್‌ಗಳನ್ನು ಒಳಗೊಳ್ಳುವ ದೊಡ್ಡ ಘಟಕ ‘ನರೇಚಿಯೆ’. ವ್ಯಾಕರಣ ಪುಸ್ತಕದಲ್ಲಿ ಇದೇ ‘ನರೇಚಿಯೆ’ ಕ್ರಿಯಾವಿಶೇಷಣವೂ ಆಗುತ್ತದೆ. ಗ್ರೀಕ್ ವ್ಯಾಕರಣದ ಪಾರಿಭಾಷಿಕ ಪದವೊಂದನ್ನು ಬಿಡಿಬಿಡಿಯಾಗಿ ಅನುವಾದಿಸಿದಾಗ ಹುಟ್ಟಿದ ಅರ್ಥ ಅದು. ನಿಘಂಟು ತಿರುವಿ ಮೊದಲು ಸಿಕ್ಕ ಅರ್ಥವನ್ನೇ ಎತ್ತಿಕೊಳ್ಳುವವರು ಇಲ್ಲಿ ಎಡವಿದರೆ ಆಶ್ಚರ್ಯವಿಲ್ಲ. 1915ರಲ್ಲಿ ಭಾಷಾವಿಜ್ಞಾನಿಗಳಾದ ದುರ್ನವೊ, ಸಕಲೋವ್ ಮತ್ತು ಉಷಕೋವ್ ಸಿದ್ಧಪಡಿಸಿದ ಆಡುನುಡಿಗಳ ನಕ್ಷೆ ಉಕ್ರೇನಿಯನ್ ಮತ್ತು ಬೆಲರೂಸಿಯನ್ ಭಾಷೆಗಳನ್ನೂ ರಷ್ಯನ್ನಿನ ‘ನರೇಚಿಯೆ’ಗಳೆಂದೇ ತೋರಿಸಿತ್ತು, ಅಂದಿನ ಸಾಮ್ರಾಜ್ಯದ ದೃಷ್ಟಿ ಆ ಪದದೊಳಗೇ ಕುಳಿತಿತ್ತು. ನಮ್ಮ ‘ಉಪಭಾಷೆ’ಯ ‘ಉಪ’ವೂ ಮಾತನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸುತ್ತದೆ. ಆದ್ದರಿಂದ ಗೋವರ್‌ಗೆ ‘ಒಳನುಡಿ’ ಎನ್ನುವುದೇ ವಾಸಿ.

ಇಂದಿನ ವರ್ಗೀಕರಣ 1960ರ ದಶಕದಲ್ಲಿ ಜಖಾರವಾ ಮತ್ತು ಅರ್ಲೋವಾ ಎಂಬ ವಿದ್ವಾಂಸೆಯರು ರೂಪಿಸಿದ್ದು. ಅದರ ಪ್ರಕಾರ ಉತ್ತರದ ನರೇಚಿಯೆ ಒಂದು, ದಕ್ಷಿಣದ ನರೇಚಿಯೆ ಇನ್ನೊಂದು. ಇವೆರಡರ ನಡುವೆ ಮಾಸ್ಕೋವನ್ನೂ ಒಳಗೊಂಡ ಮಧ್ಯದ ಗೋವರ್‌ಗಳ ಪಟ್ಟಿ ಇದೆ, ಮತ್ತು ಅದಕ್ಕೆ ನರೇಚಿಯೆ ಎಂಬ ಪಟ್ಟವನ್ನು ಕೊಟ್ಟಿಲ್ಲ. ಉತ್ತರದವರು ಒತ್ತಿಲ್ಲದ, ಅಂದರೆ ಉಚ್ಚಾರದ ಬಲ ಬೀಳದ, ಕಡೆಯಲ್ಲೂ ‘ಒ’ ಮತ್ತು ‘ಅ’ಗಳನ್ನು ಬೇರೆಬೇರೆಯಾಗಿ ಉಚ್ಚರಿಸುತ್ತಾರೆ, ಹಾಲು ಅವರ ಬಾಯಲ್ಲಿ ‘ಮೊಲೊಕೊ’. ಇದಕ್ಕೆ ‘ಓಕಾನ್ಯೆ’ ಎಂದು ಹೆಸರು. ದಕ್ಷಿಣದವರು ಆ ಭೇದವನ್ನು ಕೈಬಿಟ್ಟು ‘ಮಲಕೊ’ ಎನ್ನುವ ಕಡೆಗೆ ಸರಿದಿದ್ದಾರೆ, ಅದು ‘ಆಕಾನ್ಯೆ’. ಉತ್ತರದ ‘ಗ’ ಗಟ್ಟಿಯಾದದ್ದು, ದಕ್ಷಿಣದ ‘ಗ’ ಗಂಟಲಲ್ಲಿ ಉಜ್ಜಿಕೊಂಡು ಬರುವಂಥದ್ದು. ಪುಸ್ತಕದ ರಷ್ಯನ್ ಸ್ವರವನ್ನು ದಕ್ಷಿಣದಿಂದಲೂ ‘ಗ’ಕಾರವನ್ನು ಉತ್ತರದಿಂದಲೂ ಇಟ್ಟುಕೊಂಡಿದೆ, ಅಂದರೆ ಶುದ್ಧವೆನಿಸಿಕೊಳ್ಳುವ ಆ ರೂಪವೂ ಕಲಸಿದ್ದೇ. ಗಮನಿಸಬೇಕಾದ ಸಂಗತಿಯೆಂದರೆ, ಈ ಅಚ್ಚುಕಟ್ಟಾದ ವಿಭಜನೆ ಯುರೋಪ್ ಭಾಗದ ರಷ್ಯಾದ ನಡುನಾಡಿಗೆ ಮಾತ್ರ ಅನ್ವಯಿಸುತ್ತದೆ. ಅದು ರಷ್ಯನ್ ಒಳನುಡಿಗಳು ‘ಮೊದಲು ರೂಪುಗೊಂಡ’ ನೆಲ. ಊರಲ್ ಪರ್ವತದ ಆಚೆಯದು ‘ತಡವಾಗಿ ನೆಲೆಗೊಂಡ’ ನೆಲ. ರಷ್ಯನ್ ಒಳನುಡಿಗಳ ದೊಡ್ಡ ಭೂಪಟ ಸಂಪುಟದಲ್ಲಿ ಸೈಬೀರಿಯಾ ಇಲ್ಲವೇ ಇಲ್ಲ. ಅಲ್ಲಿ ಗೆರೆ ಎಳೆದು ಬಣ್ಣ ತುಂಬಲು ಬರುವುದಿಲ್ಲ, ಏಕೆಂದರೆ ಒಂದೇ ನದಿಯ ದಂಡೆಯಲ್ಲಿ ಪಕ್ಕಪಕ್ಕದ ಎರಡು ಹಳ್ಳಿಗಳ ಮೂಲ ಎರಡು ದಿಕ್ಕಿನದಾಗಿರಬಹುದು.

ಸೈಬೀರಿಯಾದ ಒಳನುಡಿಗಳನ್ನು ಹೆಸರಿಸುವ ನಿಜವಾದ ಪದ ‘ಸ್ತರೊಝಿಲ್’ ಎಂಬುದರಿಂದ ಬಂದಿದೆ. ಈ ಪದದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ‘ಸ್ತಾರಿಯ್’ ಎಂದರೆ ಹಳೆಯ, ‘ಝಿತ್’ ಎಂದರೆ ಬಾಳು, ವಾಸಿಸು. ಎರಡೂ ಸೇರಿ ಬಹುಕಾಲದಿಂದ ಒಂದೆಡೆ ಬಾಳಿದವನು, ಹಳೆನೆಲಸಿಗ. ಇಂಡೋ-ಯುರೋಪಿಯನ್ ನಿರುಕ್ತಕಾರರು ‘ಝಿ’ ಧಾತುವನ್ನು ಸಂಸ್ಕೃತದ ‘ಜೀವ್’ ಜೊತೆಗೂ ‘ಸ್ತಾರ್’ ಅನ್ನು ‘ಸ್ಥಿರ’ದ ಜೊತೆಗೂ ಜೋಡಿಸುತ್ತಾರೆ. ಹೀಗಾಗಿ ‘ಸ್ಥಿರಜೀವಿ’ ಎಂದರೆ ಅರ್ಥಕ್ಕೂ ಮೂಲಕ್ಕೂ ಬಹಳ ದೂರವಾಗದು, ಕಿವಿಗೆ ಮಾತ್ರ ತಮಾಷೆಯಾಗಿ ಕೇಳಿಸುತ್ತದೆ. ರಷ್ಯನ್ನಿನಲ್ಲಿ ಇನ್ನೊಂದು ಪದವಿದೆ: ‘ಸ್ತೊರೊಝಿಲ್’, ಅಂದರೆ ‘ಕಾವಲು ಕಾದನು’. ಬರವಣಿಗೆಯಲ್ಲಿ ಒಂದರಲ್ಲಿ ‘ಅ’, ಇನ್ನೊಂದರಲ್ಲಿ ‘ಒ’. ಆದರೆ ಒತ್ತು ಎರಡರಲ್ಲೂ ಕೊನೆಯ ಅಕ್ಷರದ ಮೇಲೆ ಬೀಳುವುದರಿಂದ, ಆಕಾನ್ಯೆಯ ಮಾಸ್ಕೋ ಉಚ್ಚಾರದಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಪರಿಣಾಮವಾಗಿ ಓದುಬಲ್ಲ ರಷ್ಯನ್ನರೇ ‘ಊರಿನ ಹಳೆನೆಲಸಿಗರು’ ಎಂದು ಬರೆಯಹೋಗಿ ‘ಊರಿನ ಕಾವಲು ಕಾದವರು’ ಎಂಬ ಕಾಗುಣಿತ ಬರೆದುಬಿಡುತ್ತಾರೆ. ಓಕಾನ್ಯೆಯ ಹಳೆಯ ಸೈಬೀರಿಯನ್ ಹಳ್ಳಿಯ ಅಜ್ಜಿಗೆ ಅಕ್ಷರ ಬಾರದಿದ್ದರೂ ಈ ಗೊಂದಲ ಹುಟ್ಟುವ ಸಂಭವವಿಲ್ಲ. ಅವಳ ಕಿವಿಗೆ ಅವು ಬೇರೆಬೇರೆ ಸದ್ದಿನ ಎರಡು ಮಾತುಗಳು. ಹಳೆನೆಲಸಿಗರನ್ನು ಹೆಸರಿಸುವ ಪದವನ್ನು ತಪ್ಪಿಲ್ಲದೆ ನುಡಿಯಬಲ್ಲವರು ಹಳೆನೆಲಸಿಗರೇ. ಅವರ ಮಾತನ್ನು ‘ಕೆಟ್ಟ ರಷ್ಯನ್’ ಎನ್ನುವವರಿಗೆ ಈ ಒಂದು ಉದಾಹರಣೆಯನ್ನು ತೋರಿಸಿದರೆ ಸಾಕು.

ಆ ಅಜ್ಜಿಗೆ ಓಕಾನ್ಯೆ ಬಂದದ್ದು ಹೇಗೆ ಎಂಬುದಕ್ಕೆ ಉತ್ತರ ಇತಿಹಾಸದಲ್ಲಿದೆ. ಸೈಬೀರಿಯಾದ ಮೇಲೆ ಕೊಸಾಕ್ ನಾಯಕ ಯೆರ್ಮಾಕ್‌ನ ದಂಡಯಾತ್ರೆ 1580ರ ದಶಕದ ಆರಂಭದ್ದು. ತ್ಯುಮೆನ್ ಕೋಟೆ 1586ರಲ್ಲಿ, ತಬೋಲ್ಸ್ಕ್ 1587ರಲ್ಲಿ, ತೋಮ್ಸ್ಕ್ 1604ರಲ್ಲಿ, ಯಾಕುತ್ಸ್ಕ್ 1632ರಲ್ಲಿ ಎದ್ದವು, 1639ರ ಹೊತ್ತಿಗೆ ಮಸ್ಕ್ವೀತಿನ್‌ನ ತಂಡ ಪೆಸಿಫಿಕ್ ಕರಾವಳಿಯನ್ನು ಮುಟ್ಟಿತ್ತು. ತುಪ್ಪಳದ ಆಸೆಯಿಂದ ಆ ನದಿಮಾರ್ಗಗಳಲ್ಲಿ ಸಾಗಿ ಬಂದವರಲ್ಲಿ ಬಹುಪಾಲು ಜನ ವೆಲೀಕಿ ಉಸ್ತ್ಯುಗ್, ವೊಲೊಗ್ದಾ, ವ್ಯಾತ್ಕಾ, ಪೆರ್ಮ್ ಮತ್ತು ಬಿಳಿ ಸಮುದ್ರದ ಪಮೋರ್ಯೆ ಸೀಮೆಯವರು, ಅಂದರೆ ಉತ್ತರದವರು. ಹೀಗಾಗಿ ಸ್ತರೊಝಿಲ್ ಒಳನುಡಿಗಳ ತಳಪಾಯ ಉತ್ತರದ್ದಾಯಿತು. ಓಕಾನ್ಯೆಯಷ್ಟೇ ಅಲ್ಲ, ‘ಅವನಿಗೆ ಗೊತ್ತು’ ಎಂಬರ್ಥದ ‘ಜ್ನಾಯೆತ್’ ಅನ್ನು ‘ಜ್ನಾತ್’ ಎಂದೂ ‘ಆಗುತ್ತದೆ’ ಎಂಬರ್ಥದ ‘ಬಿವಾಯೆತ್’ ಅನ್ನು ‘ಬಿವಾತ್’ ಎಂದೂ ಹ್ರಸ್ವಗೊಳಿಸುವ ರೂಢಿಯೂ ಅಲ್ಲಿಂದಲೇ ಬಂತು. ಮೈ ಉಜ್ಜುವ ನಾರಿಗೆ ಸೈಬೀರಿಯಾದಲ್ಲಿ ಇಂದಿಗೂ ಹೇಳುವ ‘ವೆಖೋತ್ಕಾ’ ಎಂಬ ಪದದ ಬೇರೂ ಉತ್ತರದಲ್ಲೇ ಇದೆ. ‘ಪೆಲ್ಮೇನಿ’ಯನ್ನು ಸೈಬೀರಿಯಾದ ತಿಂಡಿ ಎಂದು ಮೆರೆಸುತ್ತಾರೆ; ಪದವಾದರೋ ಊರಲ್ ಪರ್ವತದ ಈಚಿನ ಕೋಮಿ ನುಡಿಗಳ ಬಳಗದ್ದು, ‘ಕಿವಿ-ರೊಟ್ಟಿ’ ಎಂದು ಅದರ ಅರ್ಥ. ಅದೂ ವಲಸಿಗರ ಗಂಟಿನಲ್ಲೇ ಪರ್ವತ ದಾಟಿತು.

ಸೈಬೀರಿಯಾ ಪೂರ್ತಿ ಉತ್ತರದವರದೇ ಎಂದು ಬರೆದರೆ ಅದೂ ತಪ್ಪಾಗುತ್ತದೆ. 17ನೆಯ ಶತಮಾನದ ಚರ್ಚ್ ಸುಧಾರಣೆಯನ್ನು ಒಪ್ಪದ ಹಳೆ ನಂಬಿಕೆಯವರು ಅಂದಿನ ಪೋಲೆಂಡ್ ರಾಜ್ಯಕ್ಕೆ ಸೇರಿದ್ದ ವೆತ್ಕಾ ಎಂಬಲ್ಲಿಗೆ ಓಡಿಹೋಗಿ ನೆಲೆಸಿದ್ದರು. ಎರಡನೆಯ ಕ್ಯಾಥರೀನಳ ಕಾಲದಲ್ಲಿ, 1760ರ ದಶಕದಲ್ಲಿ, ಸೈನ್ಯ ಕಳುಹಿಸಿ ಅವರನ್ನು ಹಿಡಿದು ಬೈಕಲ್ ಸರೋವರದ ಆಚೆಗೂ ಅಲ್ತಾಯ್ ತಪ್ಪಲಿಗೂ ಸಾಗಿಸಲಾಯಿತು. ಬೈಕಲ್‌ನಾಚೆಯವರಿಗೆ ‘ಸೆಮೇಯ್ಸ್ಕಿಯೆ’ ಎಂಬ ಹೆಸರು ಬಿತ್ತು, ಏಕೆಂದರೆ ಒಂಟಿಯಾಗಿ ಬರುತ್ತಿದ್ದ ಕೈದಿಗಳಂತಲ್ಲದೆ ಇವರು ಕುಟುಂಬ ಸಮೇತ, ‘ಸೆಮ್ಯಾ’ ಸಮೇತ, ಬಂದವರು. ಅಲ್ತಾಯ್‌ನವರನ್ನು ‘ಪಲ್ಯಾಕಿ’, ಅಂದರೆ ಪೋಲೆಂಡಿನವರು, ಎಂದು ಕರೆದರು. ಆ ಪೋಲೆಂಡಿನವರು ಪೋಲಿಷ್ ಅಲ್ಲ, ಅಪ್ಪಟ ರಷ್ಯನ್ನರು. ಅವರ ಮಾತು ದಕ್ಷಿಣದ ಆಕಾನ್ಯೆಯದು. ಸುತ್ತಲೂ ‘ಮೊಲೊಕೊ’ ಎನ್ನುವ ಹಳ್ಳಿಗಳು, ನಡುವೆ ‘ಮಲಕೊ’ ಎನ್ನುವ ಹಳ್ಳಿಗಳು. ಎರಡೂವರೆ ಶತಮಾನಗಳ ನೆರೆಹೊರೆಯಿಂದ ಕೊಡುಕೊಳ್ಳುವಿಕೆ ನಡೆದಿದೆಯಾದರೂ ಮೂಲದ ಗುರುತು ಅಳಿಯಲಿಲ್ಲ. ಸೆಮೇಯ್ಸ್ಕಿಯೆ ಜನರ ಸಂಸ್ಕೃತಿಯನ್ನು ಯುನೆಸ್ಕೊ 2001ರಲ್ಲಿ ಅಮೂರ್ತ ಪರಂಪರೆಯೆಂದು ಸಾರಿತು, ಹೆಚ್ಚಾಗಿ ಹಾಡುಗಾರಿಕೆಗೆ ಸಂದ ಗೌರವ ಅದು.

ಮೂರನೆಯ ಪದರು ‘ನವಸ್ಯೋಲಿ’, ಹೊಸನೆಲಸಿಗರು. 1861ರಲ್ಲಿ ಜೀತ ರದ್ದಾದ ಮೇಲೆ, ಅದಕ್ಕಿಂತ ಹೆಚ್ಚಾಗಿ ಪ್ರಧಾನಿ ಸ್ತಲೀಪಿನ್‌ನ ಭೂಸುಧಾರಣೆ ಆರಂಭವಾದ 1906ರಿಂದ 1914ರವರೆಗೆ, ಸುಮಾರು 30 ಲಕ್ಷ ಜನ ಊರಲ್ ದಾಟಿದರು. ಈ ಬಾರಿ ದಕ್ಷಿಣ ರಷ್ಯಾ, ಉಕ್ರೇನ್ ಮತ್ತು ಬೆಲರೂಸ್‌ನ ಭೂಮಿ ಸಾಲದ ರೈತರೇ ಹೆಚ್ಚು. ಹಳೆನೆಲಸಿಗರು ಅವರನ್ನು ‘ರಸ್ಸೇಯ್ಸ್ಕಿಯೆ’, ಅಂದರೆ ‘ರಷ್ಯಾದವರು’, ಎಂದು ಸ್ವಲ್ಪ ಮೂಗುಮುರಿದೇ ಕರೆದರು. ಹಳಬರ ಪಾಲಿಗೆ ರಷ್ಯಾ ಎಂಬುದು ಪರ್ವತದ ಆಚೆಗಿನ ಬೇರೊಂದು ನಾಡಾಗಿತ್ತು. ಹೊಸಬರು ತಿರುಗಿ ಹಳಬರಿಗೆ ‘ಚಲ್ದೋನ್’ ಎಂದರು. ಈ ಪದ ಚಲ್ ಮತ್ತು ದೋನ್ ಎಂಬ ಎರಡು ನದಿಗಳ ಹೆಸರಿನಿಂದ ಬಂದಿದೆ ಎಂಬ ಕಥೆ ಎಲ್ಲೆಡೆ ಹರಿದಾಡುತ್ತದೆ. ಪದವನ್ನು ಎರಡಾಗಿ ಮುರಿದು ಎರಡು ತುಂಡಿಗೂ ಅರ್ಥ ಹಚ್ಚುವ ಈ ಚಟ ಎಲ್ಲ ಭಾಷೆಗಳಲ್ಲೂ ಇದೆ, ಎಲ್ಲ ಕಡೆಯೂ ಅಷ್ಟೇ ನಿರಾಧಾರ. ಚಲ್ದೋನ್ ಪದದ ಮೂಲ ವಿವಾದದಲ್ಲಿಯೇ ಉಳಿದಿದೆ.

ಇನ್ನು, ನೊವೊಸಿಬೀರ್ಸ್ಕ್‌ನಲ್ಲಿ ಕಾಗದ ಇಡುವ ಪ್ಲಾಸ್ಟಿಕ್ ಲಕೋಟೆಗೆ ‘ಮುಲ್ತಿಫೋರಾ’ ಎನ್ನುತ್ತಾರೆ, ಪೀಟರ್ಸ್‌ಬರ್ಗ್‌ನಲ್ಲಿ ರಸ್ತೆಯಂಚಿನ ಕಲ್ಲಿಗೆ ‘ಪರೇಬ್ರಿಕ್’ ಎಂದೂ ಮಾಸ್ಕೋದಲ್ಲಿ ‘ಬರ್ದ್ಯೂರ್’ ಎಂದೂ ಹೇಳುತ್ತಾರೆ ಎಂಬ ಪಟ್ಟಿಗಳು. ಇವು ರಂಜಕವಾಗಿವೆ, ಆದರೆ ಇವುಗಳನ್ನು ಗೋವರ್ ಎಂದು ಕರೆಯಬಾರದು. ಪುಸ್ತಕದ ರಷ್ಯನ್ನನ್ನೇ ಆಡುವ ನಗರವಾಸಿಗಳಲ್ಲಿ ಐದಾರು ವಸ್ತುಗಳ ಹೆಸರು ಊರಿಂದೂರಿಗೆ ಬೇರೆಯಾದ ಮಾತ್ರಕ್ಕೆ ಒಳನುಡಿಯಾಗುವುದಿಲ್ಲ. ಅದಕ್ಕೆ ಧ್ವನಿ, ವ್ಯಾಕರಣ, ವಾಕ್ಯರಚನೆಗಳ ಇಡೀ ವ್ಯವಸ್ಥೆ ಬೇಕು. ನಗರಗಳ ಈ ಬಗೆಯ ಮಾತಿಗೆ ಭಾಷಾವಿಜ್ಞಾನಿಗಳು ‘ರೆಗಿಯಲೆಕ್ತ್’ ಎಂಬ ಬೇರೆ ಪದವನ್ನೇ ಇಟ್ಟುಕೊಂಡಿದ್ದಾರೆ.

ವಲಸೆ ಇನ್ನೂ ದೂರ ಹೋದಲ್ಲಿ, ಹೊಸಬರ ಅಲೆ ಹಿಂದಿನಿಂದ ಬಾರದಲ್ಲಿ, ಒಳನುಡಿ ಬೇರೆಯದೇ ಹಾದಿ ಹಿಡಿಯಿತು. ಕೊಲಿಮಾ ನದಿಯ ಕೆಳದಂಡೆಯ ರಷ್ಯನ್ನರು ‘ಲ’ ಮತ್ತು ‘ರ’ಗಳ ಜಾಗದಲ್ಲಿ ‘ಯ’ ನುಡಿಯುತ್ತಿದ್ದರು. ತಲೆ ಎಂಬರ್ಥದ ‘ಗೊಲೊವಾ’ ಅವರಲ್ಲಿ ‘ಗೊಯೊವಾ’. ಸ್ಥಳೀಯ ಬುಡಕಟ್ಟುಗಳೊಂದಿಗಿನ ಒಡನಾಟವನ್ನು ಇದಕ್ಕೆ ಕಾರಣವಾಗಿ ಹೇಳುವುದುಂಟು. ಈ ಉಚ್ಚಾರಕ್ಕೆ ‘ಸಿಹಿನಾಲಿಗೆ’ ಎಂಬ ಹೆಸರಿದೆ. ಗಡೀಪಾರಾಗಿ ಅಲ್ಲಿಗೆ ಹೋಗಿದ್ದ ಜನಾಂಗಶಾಸ್ತ್ರಜ್ಞ ಬಗರಾಜ್ 1901ರಲ್ಲಿ ಅದರ ನಿಘಂಟು ಪ್ರಕಟಿಸಿದರು ಮತ್ತು ಹಳೆಯ ವಾಡಿಕೆಯಂತೆ ಅದನ್ನೂ ‘ನರೇಚಿಯೆ’ ಎಂದೇ ಕರೆದರು. ಇಂದು ಯಾರೂ ಹಾಗೆ ಕರೆಯಲಾರರು. ಅಲಾಸ್ಕಾದಲ್ಲಿ 1847ರಲ್ಲಿ ನೆಲೆಗೊಂಡ ನಿನಿಲ್ಚಿಕ್ ಹಳ್ಳಿಯಲ್ಲಿ, 1867ರಲ್ಲಿ ಆ ನೆಲವೇ ಅಮೆರಿಕಕ್ಕೆ ಮಾರಾಟವಾದ ಮೇಲೂ, ಮನೆಮಾತು ರಷ್ಯನ್ ಆಗಿಯೇ ಉಳಿಯಿತು. ಅದರಲ್ಲಿ ನಾಮಪದಗಳ ಲಿಂಗಭೇದ ಸಡಿಲಗೊಂಡಿತು. ಅದನ್ನು ಆಡಬಲ್ಲ ಕೊನೆಯ ಕೆಲವು ವೃದ್ಧರ ಮಾತನ್ನು ಬೆರ್ಗೆಲ್ಸನ್ ಮತ್ತು ಕಿಬ್ರಿಕ್ ದಾಖಲಿಸಿದ್ದಾರೆ.

ದಾಖಲಿಸುವ ಕೆಲಸದಲ್ಲಿ ತೋಮ್ಸ್ಕ್‌ನ ವಿದ್ವಾಂಸರನ್ನು ಮೀರಿಸಿದವರು ಕಡಿಮೆ. ವೆರ್ಶೀನಿನೊ ಎಂಬ ಒಂದೇ ಹಳೆನೆಲಸಿಗರ ಹಳ್ಳಿಯ ಗೋವರ್‌ಗೆ ಅವರು ಏಳು ಸಂಪುಟಗಳ ನಿಘಂಟು ತಂದರು. ಅದು ಸಾಲದೆಂಬಂತೆ ಅದೇ ಹಳ್ಳಿಯ ಒಬ್ಬಳೇ ರೈತ ಹೆಂಗಸು ಆಡಿದ ಮಾತುಗಳನ್ನು ವರ್ಷಾನುವರ್ಷ ಕುಳಿತು ಕೇಳಿ, ಬರೆದುಕೊಂಡು, ಅವಳೊಬ್ಬಳದೇ ನಿಘಂಟನ್ನು ಇನ್ನೂ ನಾಲ್ಕು ಸಂಪುಟಗಳಲ್ಲಿ ಅಚ್ಚು ಮಾಡಿಸಿದರು.