ಆ ಗೋಡೆ ಸಿಮೆಂಟ್ ಕೇಳಿರಲಿಲ್ಲ

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಕಡೆ ಹಳೇ ಕಲ್ಲಿನ ಮನೆ ಕೊಂಡವರು ನನಗೆ ಫೋನ್ ಮಾಡಿದರೆ ವಿಷಯ ಹೆಚ್ಚುಕಡಿಮೆ ಒಂದೇ. "ಗೋಡೆ ತೇವ ಹಿಡಿದಿದೆ. ಹೋದ ವರ್ಷ ತಾನೇ ಸಂದಿಗೆಲ್ಲ ಗಟ್ಟಿ ಸಿಮೆಂಟ್ ತುಂಬಿಸಿದ್ದೆವು, ಆದರೂ ಯಾಕೆ?" ತುಂಬಿಸಿದ್ದಕ್ಕೇ ಸ್ವಾಮಿ! ಹಳೇ ಕಟ್ಟಡಗಳ ದುರಸ್ತಿಯಲ್ಲಿ ಇಷ್ಟು ವರ್ಷ ಕಳೆದರೂ ಈ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ.

ಬೈಬರಿ ಊರಿನ ಆರ್ಲಿಂಗ್ಟನ್ ರೋ ಫೋಟೋ ನೋಡಿರುತ್ತೀರಿ. ಕೋಲ್ನ್ ಹೊಳೆಯ ಹತ್ತಿರ ಸಾಲಾಗಿ ನಿಂತ ಜೇನುಬಣ್ಣದ ಪುಟ್ಟ ಮನೆಗಳು. 1380ರ ಸುಮಾರಿಗೆ ಮಠದವರ ಉಣ್ಣೆ ಉಗ್ರಾಣವಾಗಿ ಕಟ್ಟಿದ್ದು ಅದು, 17ನೇ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಎದುರಿನ ಜೌಗು ನೆಲದಲ್ಲಿ ಚೌಕಟ್ಟು ನೆಟ್ಟು ಬಟ್ಟೆ ಒಣಹಾಕುತ್ತಿದ್ದರು, ಅದಕ್ಕೇ ಆ ಜಾಗಕ್ಕೆ ರ‍್ಯಾಕ್ ಐಲ್, ಅಂದರೆ ಚೌಕಟ್ಟಿನ ದ್ವೀಪ ಅಂತ ಹೆಸರು. ಇನ್ನು ಸೂರು ನೋಡಿ, ಎಷ್ಟು ಕಡಿದಾಗಿದೆ! ಹೊದಿಸಿರುವುದೂ ಕಲ್ಲಿನ ಬಿಲ್ಲೆಗಳನ್ನೇ, ಕೆಳಗೆ ದೊಡ್ಡವು, ಮೇಲೆ ಹೋದಂತೆ ಚಿಕ್ಕವು. ಅಲ್ಲಿನ ಸುಣ್ಣಕಲ್ಲು ನೀರು ಕುಡಿಯುತ್ತದೆ. ಕಟ್ಟಿದವರಿಗೆ ಅದು ಗೊತ್ತಿತ್ತು, ಮಳೆ ನಿಲ್ಲದೆ ಜಾರಿಹೋಗಲಿ ಅಂತಲೇ ಆ ಇಳಿಜಾರು.

ಗೋಡೆಯಲ್ಲೂ ಅದೇ ಬುದ್ಧಿ. ಮಳೆ ಬಂದಾಗ ಕಲ್ಲು ನೀರು ಹೀರುತ್ತದೆ, ಬಿಸಿಲು ಗಾಳಿ ಬಂದಾಗ ಆ ನೀರು ಸಂದಿನಲ್ಲಿರುವ ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ. ಗಾರೆ ಕಲ್ಲಿಗಿಂತ ಮೆತ್ತಗೇ ಇರಬೇಕು. ಉಗುರಿಗೆ ಉದುರುತ್ತದೆ ಅಂತ ಹೆದರುತ್ತಾರಲ್ಲ, ಹಾಗೆ ಸವೆಯುವುದೇ ಅದರ ಕೆಲಸ. ಸವೆದ ಗಾರೆಯನ್ನು ಮತ್ತೆ ತುಂಬಬಹುದು, ಸವೆದ ಕಲ್ಲನ್ನು ಏನು ಮಾಡುತ್ತೀರಿ? ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದರೆ ಈಗಿನ ಮಾಮೂಲಿ ಸಿಮೆಂಟಿಗೆ, ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ, ಇಂಥ ಗೋಡೆ ಕಟ್ಟಿ ಎಷ್ಟೋ ಕಾಲದ ಮೇಲೆ. ಅದನ್ನು ಸಂದಿಗೆ ತುಂಬಿದರೆ ನೀರಿಗೆ ಹೊರಬರಲು ಸುಲಭದ ದಾರಿ ಮುಚ್ಚಿಹೋಗುತ್ತದೆ. ನೀರು ಕಲ್ಲಿನಲ್ಲೇ ಉಳಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ಕಲ್ಲಿನ ಮುಖ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೊನೆಗೆ ಕಲ್ಲು ಒಳಗೆ ಹೋಗಿ, ಸಿಮೆಂಟ್ ಗೆರೆಗಳು ಮಾತ್ರ ಮುಂದಕ್ಕೆ ಚಾಚಿಕೊಂಡಿರುತ್ತವೆ.

ಹಾಗಂತ ಎಲ್ಲ ತೇವಕ್ಕೂ ಸಿಮೆಂಟೇ ಕಾರಣ ಅಂತ ನೋಡದೆ ಹೇಳಲಾರೆ. ಮಳೆನೀರಿನ ಪೈಪು ಒಡೆದಿರಬಹುದು, ಬುಡಕ್ಕೆ ಮಣ್ಣು ಏರಿರಬಹುದು. ನಾಳೆಯೇ ಗ್ರೈಂಡರ್ ಯಂತ್ರ ಹಿಡಿದು ಸಿಮೆಂಟ್ ಕೆತ್ತಲೂ ಹೋಗಬೇಡಿ, ಕಲ್ಲಿನ ಅಂಚು ಹಾಳಾಗುತ್ತದೆ. ಸಂರಕ್ಷಿತ ಪಟ್ಟಿಯಲ್ಲಿರುವ ಮನೆಯಾದರೆ ಮೊದಲು ಸ್ಥಳೀಯ ಕೌನ್ಸಿಲ್‌ನವರನ್ನು ಕೇಳಿ. ಒಪ್ಪಿಗೆ ಬೇಕಾದ ಕೆಲಸವನ್ನು ಕೇಳದೆ ಮಾಡುವುದು ಅಲ್ಲಿ ಅಪರಾಧ.

ಅಲ್ಲೇ ಮನೆ ಕೊಂಡ ನಮ್ಮ ಕನ್ನಡದ ದಂಪತಿಗೆ ಇದನ್ನೆಲ್ಲ ಅರ್ಧ ಗಂಟೆ ವಿವರಿಸಿದರೂ ಸಮಾಧಾನ ಆಗಿರಲಿಲ್ಲ. ಹೆಂಡತಿಯ ತಾಯಿ ಊರಿಂದ ಬಂದಿದ್ದರು, ಅವರು ಎದ್ದು ಹೋಗಿ ಗೋಡೆ ಮೇಲಿನ ಬಿಳಿ ಪುಡಿ ಮುಟ್ಟಿ ನೋಡಿದರು. "ನಮ್ಮ ಹಳೇ ಮನೆಗೂ ಸಿಮೆಂಟ್ ಮೆತ್ತಿದ ಮೇಲೇ ಕಣಪ್ಪಾ ಹೀಗೆ ಉಪ್ಪು ಎದ್ದಿದ್ದು. ಗಾರೆ ಇದ್ದಾಗ ಚೆನ್ನಾಗಿತ್ತು" ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಬೇಸಿಗೆಯಲ್ಲಿ ಸಿಮೆಂಟನ್ನು ಉಳಿಯಿಂದ ನಿಧಾನವಾಗಿ ಬಿಡಿಸಿ, ಸುಣ್ಣ ಮರಳಿನ ಗಾರೆ ತುಂಬಿ, ಬೇಗ ಒಣಗದಿರಲಿ ಅಂತ ಒದ್ದೆ ಗೋಣಿತಟ್ಟು ಇಳಿಬಿಟ್ಟೆವು. ಬೆಳಿಗ್ಗೆ ಸಂಜೆ ಅದಕ್ಕೆ ನೀರು ಚಿಮುಕಿಸಿದ್ದು ಆ ಅಮ್ಮನೇ, ಬೇರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಮೊನ್ನೆ ಹೋಗಿ ಕೈಯಿಟ್ಟು ನೋಡಿದೆ. ಮೇಲಿನ ಅರ್ಧ ಒಣಗಿದೆ. ಬುಡ ಇನ್ನೂ ತಣ್ಣಗಿದೆ, ಇನ್ನೊಂದು ಬೇಸಿಗೆ ಬೇಕಾಗಬಹುದು.