ಎರಡು ವಾರದ ಸೇವೆಗೆ ಕೀನ್ಯಾಕ್ಕೆ ಹೋದರೆ ಉಪಯೋಗ ಇದೆಯಾ?

ಪ್ರಶ್ನೆ: ನಾನು ಬಂಗಾರಪೇಟೆಯವಳು, ಕೋಲಾರದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಮ್ಮ ಚರ್ಚಿನ ಸಭೆಯಿಂದ ಕೀನ್ಯಾದ ನಕುರು ಕಡೆಯ ಹಳ್ಳಿಯೊಂದಕ್ಕೆ ಎರಡು ವಾರದ ಸೇವಾ ತಂಡ ಹೊರಡುತ್ತಿದೆ. ಮೆಡಿಕಲ್ ಕ್ಯಾಂಪ್ ಮಾಡುವುದು, ಅಲ್ಲಿನ ಹೆಲ್ತ್ ಸೆಂಟರಿಗೆ ಎರಡು ಕೋಣೆ ಕಟ್ಟಿಕೊಡುವುದು ಅಂತ ಯೋಜನೆ. ಗಾರೆ ಕೆಲಸ ಮಾಡುವ ನನ್ನ ತಮ್ಮನನ್ನೂ ಕರೆದಿದ್ದಾರೆ. ಮನೆಯವರು ಮಾತ್ರ, "ಟಿಕೆಟ್ಟಿಗೆ ಸುರಿಯೋ ದುಡ್ಡನ್ನೇ ಅವರಿಗೆ ಕಳಿಸಿದ್ರೆ ಆಗಲ್ವಾ?" ಅನ್ನುತ್ತಾರೆ. ಹೋದರೆ ನಿಜಕ್ಕೂ ಉಪಯೋಗ ಇದೆಯಾ ಅಕ್ಕಾ?

ಉತ್ತರ: ಇದೆ. ಆದರೆ ನೀವು ಮಾಡುವ ಕೆಲಸ ಅಲ್ಲಿನವರೇ ಕೇಳಿದ್ದಾಗಿರಬೇಕು, ನೀವು ವಿಮಾನ ಹತ್ತಿದ ಮಾರನೆ ದಿನ ಅದನ್ನು ಮುಂದುವರಿಸುವವರು ಅಲ್ಲಿ ಇರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ನಿಮ್ಮ ಮನೆಯವರ ಮಾತಿನಲ್ಲಿ ತೂಕವಿದೆ.

ಕೋಲಾರದವರಿಗೆ ಇದು ಹೊಸ ವಿಷಯವಲ್ಲ. ನಮ್ಮ ಇಟಿಸಿಎಂ ಆಸ್ಪತ್ರೆ 1910ರಲ್ಲಿ ಶುರುವಾದದ್ದು ಅಮೆರಿಕದ ಮೆಥೊಡಿಸ್ಟ್ ಮಹಿಳೆಯರ ಮಿಷನ್‌ನಿಂದ. ಆಗ ನೆರವು ಪಡೆದವರು ನಾವು. ಬಂದವರು ಎರಡು ವಾರದ ಕ್ಯಾಂಪ್ ಮಾಡಿ ಹೊರಟುಬಿಟ್ಟಿದ್ದರೆ ಇವತ್ತು ಅಲ್ಲಿ ಆಸ್ಪತ್ರೆ ಇರುತ್ತಿರಲಿಲ್ಲ. ವರ್ಷಗಟ್ಟಲೆ ಉಳಿದರು, ಇಲ್ಲಿನ ಹೆಣ್ಣುಮಕ್ಕಳಿಗೆ ನರ್ಸಿಂಗ್ ಕಲಿಸಿದರು, ಆಮೇಲೆ ಇಲ್ಲಿನವರ ಕೈಗೆ ಬಿಟ್ಟರು. ನಿಮಗೆ ಅಷ್ಟು ವರ್ಷ ಉಳಿಯಲು ಆಗುವುದಿಲ್ಲ, ಸರಿ. ಹಾಗಾಗಿಯೇ ಅಲ್ಲಿ ವರ್ಷವಿಡೀ ಇರುವವರ ಕೈಕೆಳಗೆ ಕೆಲಸ ಮಾಡಬೇಕು.

ಮೊದಲು ನಿಮ್ಮ ಲೈಸೆನ್ಸ್ ವಿಚಾರ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಇಟ್ಟುಕೊಂಡು ಕೀನ್ಯಾದಲ್ಲಿ ಒಂದು ಇಂಜೆಕ್ಷನ್ ಕೂಡ ಹಾಕುವಂತಿಲ್ಲ. ಹೊರದೇಶದ ನರ್ಸ್ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನಿಂದ ತಾತ್ಕಾಲಿಕ ಲೈಸೆನ್ಸ್ ಪಡೆಯಬೇಕು. ಡಾಕ್ಟರಾದರೆ ಅಲ್ಲಿನ ವೈದ್ಯರ ಮತ್ತು ದಂತವೈದ್ಯರ ಕೌನ್ಸಿಲ್‌ನಿಂದ. ನಿಮ್ಮನ್ನು ಕರೆಸಿಕೊಳ್ಳುವ ಆಸ್ಪತ್ರೆಯೇ ಮುಂದೆ ನಿಂತು ಇದನ್ನು ಮಾಡಿಸಬೇಕು. ದೇಶದೊಳಗೆ ಹೋಗಲು 2024ರಿಂದ ವೀಸಾ ಬದಲು ಆನ್‌ಲೈನ್ ಪ್ರವೇಶ ಅನುಮತಿ ಬಂದಿದೆ. ಪ್ರವಾಸ ಅಂತ ಬರೆದು ಒಳಗೆ ಹೋಗಿ ಚಿಕಿತ್ಸೆ ಕೊಡಲು ಕೂರಬೇಡಿ. "ಸೇವೆಗೆ ಬಂದವರಿಗೆ ಇದೆಲ್ಲ ಯಾರು ಕೇಳ್ತಾರೆ?" ಎಂದು ತಂಡದಲ್ಲಿ ಯಾರಾದರೂ ಅಂದರೆ ಅವರಿಗೆ ಒಂದು ಮಾತು ಹೇಳಿ: ನಾಳೆ ಯಾವುದೋ ದೇಶದವರು ಮಾಲೂರಿಗೆ ಬಂದು ನೋಂದಣಿಯೇ ಇಲ್ಲದೆ ನಮ್ಮ ಮಕ್ಕಳಿಗೆ ಸೂಜಿ ಹಾಕಿದರೆ ನಾವು ಒಪ್ಪುತ್ತೇವಾ?

ಕ್ಯಾಂಪಿನಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಇನ್ನೂರು ಜನ ಸಾಲಿನಲ್ಲಿ ನಿಂತಿರುತ್ತಾರೆ, ಬಿಪಿ ನೋಡುತ್ತೀರಿ, ಒಬ್ಬ ಅಜ್ಜಿಗೆ 180/110 ಬರುತ್ತದೆ, ಒಂದು ತಿಂಗಳ ಮಾತ್ರೆ ಕೊಟ್ಟು ಕಳಿಸುತ್ತೀರಿ. ಎರಡನೆಯ ತಿಂಗಳು? ಬಿಪಿ ಮಾತ್ರೆ ಸಾಧಾರಣವಾಗಿ ಜೀವನಪೂರ್ತಿ ನುಂಗಬೇಕಾದದ್ದು. ಆದ್ದರಿಂದ ಆ ಅಜ್ಜಿಯ ಹೆಸರು ಅಲ್ಲಿನ ಹೆಲ್ತ್ ಸೆಂಟರಿನ ರಿಜಿಸ್ಟರಿಗೆ ಸೇರಬೇಕು, ಮಾತ್ರೆ ಅಲ್ಲಿನ ಸ್ಟಾಕಿನಿಂದ ಹೋಗಬೇಕು, ಮುಂದಿನ ತಾರೀಕು ಅಲ್ಲಿನ ಕ್ಲಿನಿಕಲ್ ಆಫೀಸರ್ (ಡಾಕ್ಟರಲ್ಲದಿದ್ದರೂ ರೋಗ ನೋಡಿ ಔಷಧಿ ಬರೆಯಲು ತರಬೇತಿ ಪಡೆದವರು) ಬರೆಯಬೇಕು. ಕೀನ್ಯಾದ ಹಳ್ಳಿಗಳಲ್ಲಿ ದಿನನಿತ್ಯದ ರೋಗಿಗಳನ್ನು ಹೆಚ್ಚಾಗಿ ನೋಡುವವರು ಈ ಕ್ಲಿನಿಕಲ್ ಆಫೀಸರುಗಳು ಮತ್ತು ನರ್ಸ್‌ಗಳೇ. ಅವರ ಪಕ್ಕ ಕೂತು ಕೆಲಸ ಮಾಡಿ, ಅವರ ಟೇಬಲ್ಲನ್ನು ಆಕ್ರಮಿಸಬೇಡಿ.

ಹೆರಿಗೆ ವಾರ್ಡಿನ ಅನುಭವ ನಿಮಗಿದ್ದರೆ ಇನ್ನೂ ಒಂದು ದಾರಿ ಇದೆ. ಹುಟ್ಟಿದ ತಕ್ಷಣ ಅಳದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಒರೆಸಿ, ಬೆನ್ನು ಉಜ್ಜಿ, ಉಸಿರಾಡದಿದ್ದರೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡುವುದನ್ನು ಅಲ್ಲಿನ ನರ್ಸ್‌ಗಳ ಜೊತೆ ಗೊಂಬೆಯ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿ. ಅವರಿಗೆ ಗೊತ್ತಿಲ್ಲ ಅಂದುಕೊಂಡು ಹೋಗಬೇಡಿ, ಎಷ್ಟೋ ಕಡೆ ಅವರೇ ನಿಮಗಿಂತ ಹೆಚ್ಚು ಹೆರಿಗೆ ಮಾಡಿಸಿರುತ್ತಾರೆ. ಆದರೂ ಈ ಕೆಲಸಕ್ಕೆ ಕೈ ಪಳಗಿಯೇ ಇರಬೇಕು, ಅಭ್ಯಾಸ ತಪ್ಪಿದರೆ ಆ ಒಂದು ನಿಮಿಷ ಕೈತಪ್ಪಿಹೋಗುತ್ತದೆ.

ಔಷಧಿಯನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಬೇಡಿ. ಡಾಕ್ಟರುಗಳಿಗೆ ಬರುವ ಸ್ಯಾಂಪಲ್, ಮನೆಮನೆಯಿಂದ ಕೂಡಿಸಿದ ಉಳಿಕೆ ಮಾತ್ರೆ ಇವನ್ನಂತೂ ಮುಟ್ಟಲೇಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಔಷಧ ದಾನದ ಮಾರ್ಗಸೂಚಿ ಎರಡನ್ನೂ ಬೇಡವೆನ್ನುತ್ತದೆ. ಕೊಡುವ ಔಷಧಿಗೆ ಅಲ್ಲಿ ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು ಎಂದೂ ಹೇಳುತ್ತದೆ. ಕೀನ್ಯಾದ ಚರ್ಚ್ ಆಸ್ಪತ್ರೆಗಳಿಗಾಗಿಯೇ ನೈರೋಬಿಯಲ್ಲಿ ಮೆಡ್ಸ್ ಎಂಬ ಔಷಧ ಸರಬರಾಜು ಸಂಸ್ಥೆ ಇದೆ. ಪ್ರೊಟೆಸ್ಟೆಂಟರೂ ಕ್ಯಾಥೊಲಿಕರೂ ಸೇರಿ 1986ರಲ್ಲಿ ಕಟ್ಟಿದ್ದು, ಗುಣಮಟ್ಟ ಪರೀಕ್ಷಿಸುವ ಲ್ಯಾಬ್ ಕೂಡ ಇದೆ. ಅಲ್ಲಿಂದಲೇ ಕೊಳ್ಳಿಸಿ. ಲೇಬಲ್ ಅಲ್ಲಿನವರಿಗೆ ಅರ್ಥವಾಗುತ್ತದೆ, ಮುಗಿದ ಮೇಲೆ ಅದೇ ಮಾತ್ರೆ ಮತ್ತೆ ಸಿಗುತ್ತದೆ.

ಈಗ ನಾನು ಮನಸ್ಸಿಟ್ಟು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ನೀವು ಹೋಗುತ್ತಿರುವುದು ನಕುರು ಕಡೆಗೆ. ಅದು ರಿಫ್ಟ್ ಕಣಿವೆ, ಜ್ವಾಲಾಮುಖಿಯ ಬಂಡೆಗಳ ನಾಡು, ಅಲ್ಲಿನ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಮಕ್ಕಳು ನಕ್ಕರೆ ನಿಮಗೆ ತಕ್ಷಣ ಗೊತ್ತಾಗುತ್ತದೆ: ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ಅಲ್ಲಲ್ಲಿ ಸುಣ್ಣ ಬಳಿದಂಥ ಮಚ್ಚೆ. ಅಮೆರಿಕದಿಂದಲೋ ಕೊರಿಯಾದಿಂದಲೋ ಬಂದ ತಂಡ ಅದನ್ನು ಹಲ್ಲುಜ್ಜದ ಕೊಳೆ ಅಂದುಕೊಂಡು ಬ್ರಷ್ಷು ಹಂಚಬಹುದು. ಇಂಥದೇ ಬೋರ್‌ವೆಲ್ ನೀರು ಕುಡಿದು ಬೆಳೆದ ಕೋಲಾರದವರ ಕಣ್ಣಿಗೆ ಮೋಸವಾಗುವುದಿಲ್ಲ.

ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ಕಾಯಿಲೆಗೆ ಫ್ಲೋರೋಸಿಸ್ ಅನ್ನುತ್ತಾರೆ. ದೊಡ್ಡವರಲ್ಲಿ ನಮ್ಮ ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೇಳಿಕೊಡುವ ಆ ಮೂರು ಪರೀಕ್ಷೆ ಮಾಡಿಸಿ. ನೆಲದ ಮೇಲೆ ಒಂದು ನಾಣ್ಯ ಇಟ್ಟು ಮಂಡಿ ಮಡಿಸದೆ ಬಗ್ಗಿ ಎತ್ತಲು ಹೇಳಿ. ಗಲ್ಲವನ್ನು ಎದೆಗೆ ತಾಗಿಸಲು ಹೇಳಿ. ಕೈ ಅಗಲಿಸಿ, ಮೊಣಕೈ ಮಡಿಸಿ ತಲೆಯ ಹಿಂಭಾಗ ಮುಟ್ಟಲು ಹೇಳಿ. ಆಗದಿದ್ದರೆ ಅನುಮಾನ ಪಡಬೇಕು, ಅಷ್ಟೇ. ಖಚಿತವಾಗಬೇಕಾದರೆ ನೀರು ಮತ್ತು ಮೂತ್ರದಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆಯಬೇಕು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕ್ಲೋರಿನ್ ಮಾತ್ರೆ, ಮಾಮೂಲಿ ಕ್ಯಾಂಡಲ್ ಫಿಲ್ಟರ್ ರೋಗಾಣುಗಳಿಗೆ ಸರಿ, ಇದಕ್ಕೆ ನಾಟುವುದಿಲ್ಲ.

ಇದಕ್ಕೆ ಪರಿಹಾರವನ್ನು ನೀವು ಇಲ್ಲಿಂದ ಹೊತ್ತೊಯ್ಯಬೇಕಾಗಿಯೂ ಇಲ್ಲ. ನಕುರುವಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯದವರು ದನದ ಮೂಳೆಯನ್ನು ಸುಟ್ಟು ಇದ್ದಿಲು ಮಾಡಿ, ಅದರ ಮೂಲಕ ನೀರು ಸೋಸಿ ಫ್ಲೋರೈಡ್ ಹಿಡಿಯುವ ಫಿಲ್ಟರನ್ನು ಮನೆಗಳಿಗೂ ಊರಿಗೂ ಮಾಡಿಕೊಟ್ಟಿದ್ದಾರೆ. ಮೂಳೆಯ ಇದ್ದಿಲು ಕೆಲ ಕಾಲದ ಮೇಲೆ ಸೋಲುತ್ತದೆ, ಬದಲಿಸಬೇಕು. ಬದಲಿಸುವವರು ಯಾರು, ದುಡ್ಡು ಎಲ್ಲಿಂದ ಎಂಬುದು ಗಟ್ಟಿಯಾಗಿರಬೇಕು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಶುದ್ಧ ನೀರಿನ ಘಟಕಗಳು ಯಾಕೆ ಬೀಗ ಹಾಕಿಕೊಂಡಿವೆ ಎಂದು ನೋಡಿದವರು ನೀವು. ಅದನ್ನು ಅಲ್ಲಿನ ನೀರಿನ ಸಮಿತಿಯವರ ಜೊತೆ ಕೂತು ಮಾತಾಡಿ. ನಿಮ್ಮ ಎರಡು ವಾರದಲ್ಲಿ ಇದಕ್ಕಿಂತ ಬೆಲೆಬಾಳುವ ಗಂಟೆಗಳು ಇರಲಾರವು.

ತಮ್ಮನ ಕೆಲಸಕ್ಕೆ ಬರೋಣ. ಸೇವಾ ತಂಡಗಳು ಕಟ್ಟುವ ಕಟ್ಟಡಗಳಲ್ಲಿ ದೊಡ್ಡ ತೊಂದರೆ ಇರುವುದು ಕ್ಯಾಲೆಂಡರಿನದು. ಕಾಂಕ್ರೀಟಿನ ಬಲವನ್ನು ಲೆಕ್ಕ ಹಿಡಿಯುವುದೇ 28 ದಿನಕ್ಕೆ. ಮೋಲ್ಡ್ (ಕಾಂಕ್ರೀಟಿನ ಸೂರು) ಹಾಕಿದ ಮೇಲೆ ಕನಿಷ್ಠ ಏಳು ದಿನ ನೀರು ಕಟ್ಟಿ ಕ್ಯೂರಿಂಗ್ ಮಾಡಬೇಕು. ನಾಲ್ಕೂವರೆ ಮೀಟರ್ ಒಳಗಿನ ಮೋಲ್ಡಿನ ಕೆಳಗಿನ ಕಂಬಗಳನ್ನು ಏಳು ದಿನವಾದರೂ ತೆಗೆಯುವಂತಿಲ್ಲ, ಅದಕ್ಕಿಂತ ಅಗಲವಾದರೆ ಹದಿನಾಲ್ಕು. ಹತ್ತನೆಯ ದಿನ ಕಾಂಕ್ರೀಟ್ ಸುರಿದು ಹನ್ನೆರಡನೆಯ ದಿನ ಕಂಬ ಬಿಚ್ಚಿ ರಿಬ್ಬನ್ ಕತ್ತರಿಸುವ ಆಸೆ ಯಾರಿಗಾದರೂ ಬಂದರೆ ನಿಮ್ಮ ತಮ್ಮ ಕರಣೆ ಕೆಳಗಿಟ್ಟು "ಆಗಲ್ಲ" ಅನ್ನಬೇಕು. ಅದು ರೋಗಿಗಳು ಮಲಗುವ ಕೋಣೆ.

ಪುಣ್ಯಕ್ಕೆ ಆ ಕಡೆ ಹಳ್ಳಿಗಳಲ್ಲಿ ಕಲ್ಲಿನ ಗೋಡೆ, ಮರದ ತೊಲೆ, ಮೇಲೆ ತಗಡಿನ ಸೂರು ಸಾಮಾನ್ಯ. ಕಲ್ಲು ನಮ್ಮ ಸೈಜುಗಲ್ಲಿನಂತಲ್ಲ, ಜ್ವಾಲಾಮುಖಿ ಬೂದಿ ಗಟ್ಟಿಯಾಗಿ ಆದದ್ದು, ಮೆತ್ತಗೆ, ನೀರು ಹೀರುತ್ತದೆ. ಅದರ ಗುಣ ಅಲ್ಲಿನ ಮೇಸ್ತ್ರಿಗೇ ಗೊತ್ತು. ಆದ್ದರಿಂದ ಅಲ್ಲಿನ ಮೇಸ್ತ್ರಿಯೇ ಮೇಸ್ತ್ರಿ, ಕೂಲಿಯವರೂ ಅಲ್ಲಿನವರೇ, ನಿಮ್ಮ ತಮ್ಮ ಜೊತೆಗಾರ. ಪಾಯ, ಗೋಡೆ ಮೊದಲೇ ಎದ್ದಿರಲಿ, ನೀವು ಹೋದಾಗ ಗಿಲಾವು, ನೆಲ, ಪೇಂಟು, ಮಳೆನೀರಿನ ತೊಟ್ಟಿ ಇಂಥದ್ದು ಇರಲಿ. ಕರಣೆ ಹಿಡಿದೇ ಗೊತ್ತಿಲ್ಲದ ಹುಡುಗರು ಇಟ್ಟ ಕಲ್ಲನ್ನು ಸಂಜೆ ಅಲ್ಲಿನವರು ಕಿತ್ತು ಮತ್ತೆ ಇಡುವಂತಾಗಬಾರದು. ಮಾರ್ಚ್‌ನಿಂದ ಮೇ ತನಕ ಅಲ್ಲಿ ದೊಡ್ಡ ಮಳೆ, ಜನವರಿ, ಫೆಬ್ರವರಿ ಒಳ್ಳೆಯದು.

ದುಡ್ಡಿನ ಬಗ್ಗೆ ನಿಮ್ಮ ಸಭೆಯ ಖಜಾಂಚಿಗೆ ಒಂದು ಸೂಚನೆ. ಇಲ್ಲಿ ನೋಂದಣಿಯಾದ ಟ್ರಸ್ಟ್ ತನ್ನ ಆದಾಯವನ್ನು ದೇಶದ ಹೊರಗೆ ಖರ್ಚು ಮಾಡಿದರೆ, ಕೇಂದ್ರ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಇಲ್ಲದೆ ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹೊರಡುವ ಮುಂಚೆಯೇ ಆಡಿಟರನ್ನು ಕೇಳಿ. ವ್ಯಕ್ತಿಗಳು ತಮ್ಮ ಸ್ವಂತ ದುಡ್ಡನ್ನು ಬ್ಯಾಂಕಿನ ಮೂಲಕ ಹೊರದೇಶಕ್ಕೆ ದಾನವಾಗಿ ಕಳಿಸಬಹುದು, ರಿಸರ್ವ್ ಬ್ಯಾಂಕಿನ ಯೋಜನೆಯಲ್ಲಿ ಅದಕ್ಕೆ ದಾರಿ ಇದೆ.

ಪ್ರಾರ್ಥನೆ ನಿಮ್ಮ ಬದುಕಿನ ಭಾಗ, ಅದನ್ನು ಬಚ್ಚಿಡಬೇಕಿಲ್ಲ. ಆದರೆ ಮಾತ್ರೆ ಸಿಗಬೇಕಾದರೆ ಮೊದಲು ಧರ್ಮಪ್ರಸಂಗ ಕೇಳಬೇಕು ಎಂಬಂತೆ ಸಾಲು ಹಚ್ಚಬೇಡಿ. ರೋಗಿಯ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದೂ ಬೇಡ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಕೀನ್ಯಾದಿಂದ ಬರುವವರ ಹತ್ತಿರ ಅದರ ಸರ್ಟಿಫಿಕೇಟ್ ಇಲ್ಲದಿದ್ದರೆ ವಾಪಸ್ ಬಂದಾಗ ಇಲ್ಲೇ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಇಡಬಹುದು. ಲಸಿಕೆ ಹಾಕಿಸಿದ ಹತ್ತು ದಿನಕ್ಕೆ ಸರ್ಟಿಫಿಕೇಟ್ ಜಾರಿಗೆ ಬರುತ್ತದೆ, ಜೀವನಕ್ಕೆ ಒಂದೇ ಡೋಸ್ ಸಾಕು. ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಬೆಂಗಳೂರಿಗೆ ಹೋಗಬೇಕು. ಮೊಟ್ಟೆ ಅಲರ್ಜಿ ಇರುವವರು, ಗರ್ಭಿಣಿಯರು, ಅರವತ್ತು ದಾಟಿದವರು ಮೊದಲು ಡಾಕ್ಟರನ್ನು ಕಾಣಲಿ.

ಈ ವಾರವೇ ನಿಮ್ಮ ತಂಡದ ಮುಖ್ಯಸ್ಥರಿಂದ ಅಲ್ಲಿನ ಹೆಲ್ತ್ ಸೆಂಟರಿಗೆ ಪತ್ರ ಬರೆಸಿ: ನಿಮಗೆ ಈಗ ಬೇಕಾಗಿರುವುದು ಏನು? ಉತ್ತರದಲ್ಲಿ ನರ್ಸ್ ಬೇಕು, ಗಾರೆಯವರು ಬೇಕು ಎಂದಿದ್ದರೆ ಇಬ್ಬರೂ ಹೋಗಿ ಬನ್ನಿ. ಫ್ಲೋರೈಡ್ ಅಳೆಯುವ ಮೀಟರೋ, ನೀರಿನ ಟ್ಯಾಂಕೋ, ಒಬ್ಬ ನರ್ಸಿನ ಒಂದು ವರ್ಷದ ಸಂಬಳವೋ ಬೇಕು ಎಂದಿದ್ದರೆ ಟಿಕೆಟ್ ಬುಕ್ ಮಾಡಬೇಡಿ, ಆ ದುಡ್ಡನ್ನು ಕಳಿಸಿ.